454 ಬ್ಲಾಕ್‌ನಿಂದ 496 ಸ್ಟ್ರೋಕರ್: ಹಣ ಹಾಕಬೇಕಾದದ್ದು ಕ್ರ್ಯಾಂಕ್‌ಗೋ, ಬ್ಲಾಕ್‌ಗೋ?

ಕಾಲುಮೈಲಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಷೆವರ್ಲೆ 454 (ಘನ ಇಂಚು) ಮಾರ್ಕ್ 4 ಇಂಜಿನ್ ಬ್ಲಾಕ್ ಒಂದಿದೆ. ಮೇನ್ ಕ್ಯಾಪ್‌ಗಳು (ಕ್ರ್ಯಾಂಕನ್ನು ಬ್ಲಾಕಿಗೆ ಹಿಡಿದಿಡುವ ತುಂಡುಗಳು) ನಾಲ್ಕು ಬೋಲ್ಟಿನವು, ಬೋರ್ (ಸಿಲಿಂಡರಿನ ವ್ಯಾಸ) ಇನ್ನೂ ಕಾರ್ಖಾನೆಯ 4.250 ಇಂಚಿನಲ್ಲೇ ಇದೆ. ಇದನ್ನು ಕಾಲು ಮೈಲಿಯ ಡ್ರ್ಯಾಗ್ ಓಟಕ್ಕೆಂದೇ ಕಟ್ಟಬೇಕೆಂದಿದ್ದೇನೆ. ರಸ್ತೆಯಲ್ಲಿ ಓಡಿಸುವ ಉದ್ದೇಶವಿಲ್ಲ. ಚಾಲಕನೂ ಸೇರಿ ಕಾರಿನ ತೂಕ 3,400 ಪೌಂಡ್. ಟರ್ಬೊ 400 ಗೇರ್‌ಬಾಕ್ಸ್, ಹಿಂದಿನ ಆಕ್ಸಲ್‌ನಲ್ಲಿ 4.10 ಅನುಪಾತ, 30 ಇಂಚು ಎತ್ತರದ ಸ್ಲಿಕ್ ಟೈರ್‌ಗಳು ಈಗಾಗಲೇ ಇವೆ. ನೈಟ್ರಸ್ (ಬಾಟಲಿಯಿಂದ ಹಾಯಿಸುವ, ಶಕ್ತಿ ಹೆಚ್ಚಿಸುವ ಅನಿಲ) ಅಥವಾ ಟರ್ಬೊ ಇಲ್ಲದೆ 10 ಸೆಕೆಂಡಿನೊಳಗೆ ಓಟ ಮುಗಿಯಬೇಕೆಂಬುದು ಗುರಿ.

ನನ್ನ ಮುಂದೆ ಎರಡು ದಾರಿಗಳಿವೆ. ಇದೇ ಬ್ಲಾಕನ್ನು 60 ಥೌ (ಇಂಚಿನ ಸಾವಿರದ ಒಂದು ಪಾಲು ಒಂದು ಥೌ) ಬೋರ್ ಮಾಡಿಸಿ, 4.250 ಇಂಚು ಸ್ಟ್ರೋಕಿನ (ಪಿಸ್ಟನ್ ಚಲಿಸುವ ದೂರ) ಫೋರ್ಜ್ಡ್ ಸ್ಟೀಲ್ ಕ್ರ್ಯಾಂಕ್ ಹಾಕಿದರೆ 496 ಘನ ಇಂಚಿನ ಸ್ಟ್ರೋಕರ್, ಅಂದರೆ ಸ್ಟ್ರೋಕ್ ಹೆಚ್ಚಿಸಿದ ಇಂಜಿನ್ ಆಗುತ್ತದೆ. ಹೊಸ ರೇಸ್ ಬ್ಲಾಕ್ ಕೊಂಡು, 4.500 ಇಂಚಿನ ಬೋರ್‌ನಲ್ಲಿ ಅದೇ ಕ್ರ್ಯಾಂಕ್ ಕೂರಿಸಿದರೆ 540 ಘನ ಇಂಚು ಆಗುತ್ತದೆ. ಎರಡನೆಯದಕ್ಕೆ ಹೋದರೆ ಹೆಡ್‌ಗಳಿಗೆ ಹಣ ಉಳಿಯುವುದಿಲ್ಲ; ಆಗ ಈಗಿರುವ ಓವಲ್ ಪೋರ್ಟ್ ಎರಕದ ಹೆಡ್‌ಗಳನ್ನೇ ಬಳಸಬೇಕಾಗುತ್ತದೆ. ಫ್ಲೋ ಬೆಂಚ್‌ನಲ್ಲಿ ಅವುಗಳ ಇನ್‌ಟೇಕ್ ಪೋರ್ಟ್ 265 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ ಗಾಳಿ) ತೋರಿಸಿದೆ. ಹಳೆಯ ಬ್ಲಾಕ್ ಈ ಹೊರೆಯನ್ನು ತಾಳುತ್ತದೆಯೇ, ಕನೆಕ್ಟಿಂಗ್ ರಾಡ್ 6.135 ಇಂಚಿನದು ಸಾಕೇ ಅಥವಾ 6.385 ಇಂಚಿನದೇ ಬೇಕೇ, ಸ್ಟ್ರೋಕ್ ಹೆಚ್ಚಾದಂತೆ ಆರ್‌ಪಿಎಂ ಎಷ್ಟಕ್ಕೆ ಕಡಿವಾಣ ಹಾಕಬೇಕು ಎಂಬುದನ್ನು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಗಾಳಿಲೆಕ್ಕ:

ಘನ ಇಂಚುಗಳ ಚರ್ಚೆಯನ್ನು ಸ್ವಲ್ಪ ಬದಿಗಿಟ್ಟು, ನಿಮ್ಮ ಗುರಿಗೆ ಎಷ್ಟು ಅಶ್ವಶಕ್ತಿ ಬೇಕೆಂಬುದರಿಂದ ಆರಂಭಿಸೋಣ. ತೂಕವನ್ನು ಅಶ್ವಶಕ್ತಿಯಿಂದ ಭಾಗಿಸಿ, ಬಂದ ಸಂಖ್ಯೆಯ ಘನಮೂಲವನ್ನು 5.825ರಿಂದ ಗುಣಿಸಿದರೆ ಕಾಲು ಮೈಲಿಯ ಅಂದಾಜು ಸಮಯ ಸಿಗುತ್ತದೆ. ಹಿಡಿತ ಮತ್ತು ಸಸ್ಪೆನ್ಷನ್ ಸರಿಯಿದ್ದರೆ ಮಾತ್ರ ಈ ಲೆಕ್ಕ ನಿಜಕ್ಕೆ ಹತ್ತಿರ ಬರುತ್ತದೆ ಎಂಬುದು ನೆನಪಿರಲಿ. 3,400 ಪೌಂಡಿನ ಕಾರು 9.90 ಸೆಕೆಂಡಿನಲ್ಲಿ ಮುಗಿಸಲು ಫ್ಲೈವೀಲ್‌ನಲ್ಲಿ ಹೆಚ್ಚು ಕಡಿಮೆ 693 ಅಶ್ವಶಕ್ತಿ ಬೇಕು.

ಇನ್ನು ಹೆಡ್‌ಗಳ ಮಾತಿಗೆ ಬರೋಣ. ಚೆನ್ನಾಗಿ ಹೊಂದಿಸಿದ ರೇಸ್ ಇಂಜಿನ್‌ನಲ್ಲಿ, 28 ಇಂಚು ನೀರಿನ ಒತ್ತಡದಲ್ಲಿ ಅಳೆದ ಪ್ರತಿ ಸಿಎಫ್‌ಎಂ ಹರಿವಿಗೆ ಒಂದು ಸಿಲಿಂಡರ್ ಸುಮಾರು 0.257 ಅಶ್ವಶಕ್ತಿ ಕೊಡುತ್ತದೆ ಎಂಬ ಹಳೆಯ ಸೂತ್ರವಿದೆ. ನಿಮ್ಮ 265 ಸಿಎಫ್‌ಎಂ ಹೆಡ್‌ಗೆ ಅದನ್ನು ಅನ್ವಯಿಸಿದರೆ ಎಂಟು ಸಿಲಿಂಡರಿಗೆ 545 ಅಶ್ವಶಕ್ತಿ ಬರುತ್ತದೆ. ಕೆಳಗಿರುವುದು 454 ಆಗಲಿ, 496 ಆಗಲಿ, 540 ಆಗಲಿ, ಆ ಮಿತಿ ಹೆಚ್ಚೇನೂ ಕದಲುವುದಿಲ್ಲ. ಬದಲಾಗುವುದೇನೆಂದರೆ ಆ ಶಕ್ತಿ ಸಿಗುವ ಆರ್‌ಪಿಎಂ. ಪೋರ್ಟ್ ಅದೇ ಇದ್ದು ಸಿಲಿಂಡರ್ ದೊಡ್ಡದಾದಾಗ ಕಡಿಮೆ ಆರ್‌ಪಿಎಂನಲ್ಲೇ ಗಾಳಿಯ ಹರಿವು ಮಿತಿಯನ್ನು ಮುಟ್ಟುತ್ತದೆ. 454ರಲ್ಲಿ 6,500ಕ್ಕೆ ಬರುತ್ತಿದ್ದ ಗರಿಷ್ಠ ಶಕ್ತಿ ಅದೇ ಹೆಡ್ ಮತ್ತು ಕ್ಯಾಮ್‌ನೊಂದಿಗೆ 496ರಲ್ಲಿ 5,950ರ ಆಸುಪಾಸಿಗೆ ಇಳಿಯುತ್ತದೆ. ಟಾರ್ಕ್ ಖಂಡಿತ ಏರುತ್ತದೆ, ಆದರೆ ಗರಿಷ್ಠ ಅಶ್ವಶಕ್ತಿಯಲ್ಲಿ ನೀವು ನಿರೀಕ್ಷಿಸಿದ ನೆಗೆತ ಕಾಣುವುದಿಲ್ಲ. ದುಬಾರಿ ಕ್ರ್ಯಾಂಕ್ ಹಾಕಿಸಿದವರು ಡೈನೊ (ಇಂಜಿನ್ ಶಕ್ತಿ ಅಳೆಯುವ ಯಂತ್ರ) ಹಾಳೆ ಕೈಗೆ ಬಂದಾಗ ಮುಖ ಸಪ್ಪಗೆ ಮಾಡಿಕೊಳ್ಳುವುದು ಬಹುಪಾಲು ಇದೇ ಕಾರಣಕ್ಕೆ.

ಆದ್ದರಿಂದ ನನ್ನ ಆಯ್ಕೆ 496 ಮತ್ತು ಒಳ್ಳೆಯ ಅಲ್ಯೂಮಿನಿಯಂ ಹೆಡ್‌ಗಳ ಜೋಡಿ. 350 ಸಿಎಫ್‌ಎಂ ಹರಿಯುವ, 2.250 ಇಂಚಿನ ಇನ್‌ಟೇಕ್ ಮತ್ತು 1.880 ಇಂಚಿನ ಎಕ್ಸಾಸ್ಟ್ ವಾಲ್ವ್‌ಗಳಿರುವ ಹೆಡ್ ಸಿಕ್ಕರೆ ಅದೇ ಸೂತ್ರ 720 ಅಶ್ವಶಕ್ತಿ ತೋರಿಸುತ್ತದೆ, ಅಂದರೆ 9.8 ಸೆಕೆಂಡಿನ ಸುತ್ತಮುತ್ತ. ಇಂಜಿನ್ ಪೂರ್ಣ ತುಂಬಿ ಉಸಿರಾಡಿದರೆ 6,500 ಆರ್‌ಪಿಎಂನಲ್ಲಿ 496ಕ್ಕೆ ಬೇಕಾದ ಗಾಳಿ 933 ಸಿಎಫ್‌ಎಂ. ಹೀಗಾಗಿ 1050ರ ಡಾಮಿನೇಟರ್ ಕಾರ್ಬ್ಯುರೇಟರ್ ಇದಕ್ಕೆ ಅತಿಯೇನಲ್ಲ.

ಕಂಪ್ರೆಷನ್ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು, ಏಕೆಂದರೆ ಸ್ಟ್ರೋಕ್ ಹೆಚ್ಚಿಸಿದಾಗ ಅದು ಕೇಳದೆಯೇ ಏರುತ್ತದೆ. 496ರ ಒಂದು ಸಿಲಿಂಡರಿನ ಗಾತ್ರ 1,016 ಸಿಸಿ. ಹೆಡ್‌ನ ಚೇಂಬರ್ 119 ಸಿಸಿ, ಪಿಸ್ಟನ್ ಡೆಕ್‌ಗೆ (ಹೆಡ್ ಕೂರುವ ಬ್ಲಾಕಿನ ಮೇಲ್ಮುಖ) ಸರಿಸಮ, ಗ್ಯಾಸ್ಕೆಟ್ 39 ಥೌ, ಪಿಸ್ಟನ್ ಡೋಮ್ (ತಲೆಯ ಉಬ್ಬು) 36 ಸಿಸಿ ಎಂದಿಟ್ಟುಕೊಂಡರೆ ಉಳಿಯುವ ಜಾಗ 92.5 ಸಿಸಿ, ಅನುಪಾತ 12:1. ಇಷ್ಟೇ ಜಾಗ 454ರಲ್ಲಿ ಉಳಿದಿದ್ದರೆ ಅದು 11:1 ಮಾತ್ರ ಆಗಿರುತ್ತಿತ್ತು. ಹಳೆಯ ಇಂಜಿನ್‌ಗೆ ಒಗ್ಗಿದ್ದ ಪೆಟ್ರೋಲ್ ಹೊಸದಕ್ಕೂ ಒಗ್ಗುತ್ತದೆ ಎಂದು ಎಣಿಸದೆ, ಡೋಮ್ ಎಷ್ಟಿರಬೇಕೆಂದು ಮೊದಲೇ ಲೆಕ್ಕ ಹಾಕಿ ಪಿಸ್ಟನ್ ತರಿಸಿ. ರೇಸ್ ಪೆಟ್ರೋಲಿನ ವ್ಯವಸ್ಥೆ ಇದ್ದರೆ ಮಾತ್ರ 12ಕ್ಕೆ ಹೋಗಿ.

ಡಯಲ್‌ಗೇಜ್:

ಗಾಳಿಲೆಕ್ಕ ಅವರು ಮೇಲ್ಭಾಗವನ್ನು ಹೇಳಿದ್ದಾರೆ, ನಾನು ಕೆಳಭಾಗಕ್ಕೆ ಬರುತ್ತೇನೆ.

ಬ್ಲಾಕ್ ತಾಳುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಇರುವುದು ಆ ಒಂದು ಬ್ಲಾಕಿನಲ್ಲೇ ಹೊರತು ಅದರ ಮಾದರಿಯಲ್ಲಿ ಅಲ್ಲ. ಎರಕ ಹೊಯ್ಯುವಾಗ ಒಳಗಿನ ಅಚ್ಚು ಸ್ವಲ್ಪ ಸರಿದಿದ್ದರೂ ಸಿಲಿಂಡರ್ ಗೋಡೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಆಗಿರುತ್ತದೆ. ಬೋರಿಂಗ್‌ಗೆ ಕೊಡುವ ಮೊದಲು ಸೋನಿಕ್ ಪರೀಕ್ಷೆ (ಶಬ್ದತರಂಗದಿಂದ ಗೋಡೆಯ ದಪ್ಪ ಅಳೆಯುವುದು) ಮಾಡಿಸಿ, ಎಂಟೂ ಸಿಲಿಂಡರುಗಳಲ್ಲಿ ಮೇಲೆ, ನಡುವೆ, ಕೆಳಗೆ, ನಾಲ್ಕೂ ದಿಕ್ಕುಗಳಲ್ಲಿ ಅಳತೆ ಬರೆಸಿಕೊಳ್ಳಿ. 60 ಥೌ ತೆಗೆದ ಮೇಲೂ ಪಿಸ್ಟನ್ ಒತ್ತುವ ಬದಿಯಲ್ಲಿ 200 ಥೌ ಉಳಿಯುವಂತಿದ್ದರೆ ಮುಂದುವರಿಯಿರಿ. ಇಲ್ಲವಾದರೆ ಬೋರ್ ಕಡಿಮೆ ಮಾಡಿ, 30 ಥೌಗೆ ನಿಲ್ಲಿಸಿ. ಆರೇಳು ಘನ ಇಂಚು ಕಳೆದುಕೊಂಡರೂ ರಿಂಗ್‌ಗಳು ಸರಿಯಾಗಿ ಕೂರುವ ದುಂಡನೆಯ ಸಿಲಿಂಡರ್ ಸಿಗುತ್ತದೆ. ಹೋನಿಂಗ್ (ಸಿಲಿಂಡರ್ ಗೋಡೆಯನ್ನು ಉಜ್ಜಿ ಅಳತೆಗೆ ತರುವುದು) ಮಾಡುವಾಗ, ಹೆಡ್ ಬಿಗಿದಂತೆಯೇ ಬ್ಲಾಕನ್ನು ಒತ್ತುವ ಟಾರ್ಕ್ ಪ್ಲೇಟ್ ಬಿಗಿದಿರಲೇಬೇಕು.

ಎರಡನೆಯದಾಗಿ ಮೇನ್ ಕ್ಯಾಪ್‌ಗಳನ್ನು ಬಿಚ್ಚಿ, ಅವು ಬ್ಲಾಕ್ ಮೇಲೆ ಕೂರುವ ಮುಖವನ್ನು ಒಳ್ಳೆಯ ಬೆಳಕಿನಲ್ಲಿ ನೋಡಿ. ನುಣುಪಾದ ಲೋಹದ ನಡುವೆ ಅಲ್ಲಲ್ಲಿ ಬೂದು ಬಣ್ಣದ, ಬೆರಳಿಗೆ ಒರಟು ತಾಗುವ ಮಚ್ಚೆಗಳಿದ್ದರೆ ಆ ಕ್ಯಾಪ್ ಓಡುವಾಗ ಸರಿದಾಡಿದೆ ಎಂದೇ ಅರ್ಥ. ಅಂಥ ಬ್ಲಾಕ್‌ಗೆ ಇನ್ನೂ ಹೆಚ್ಚು ಹೊರೆ ಹೊರಿಸುವ ಮೊದಲು ಎರಡು ಸಲ ಯೋಚಿಸಬೇಕಾಗುತ್ತದೆ. ಮಚ್ಚೆಗಳಿಲ್ಲದಿದ್ದರೆ ಬೋಲ್ಟ್ ಬದಲು ಸ್ಟಡ್ ಹಾಕಿಸಿ. ಆದರೆ ಸ್ಟಡ್‌ಗಳು ಕ್ಯಾಪನ್ನು ಬೇರೆ ರೀತಿಯಲ್ಲಿ ಎಳೆಯುವುದರಿಂದ ಅದಾದ ಮೇಲೆ ಲೈನ್ ಹೋನಿಂಗ್ (ಮೇನ್ ಬೇರಿಂಗ್ ರಂಧ್ರಗಳನ್ನು ಒಂದೇ ಸಾಲಿಗೆ ತರುವುದು) ಮಾಡಿಸದೆ ಬಿಡಬೇಡಿ.

ರಾಡ್ ವಿಷಯದಲ್ಲಿ ನಾನು 6.385 ಎನ್ನುತ್ತೇನೆ, ಆದರೆ ಜನ ಸಾಮಾನ್ಯವಾಗಿ ಹೇಳುವ ಕಾರಣಕ್ಕಲ್ಲ. ರಾಡ್ ಉದ್ದವಾದರೆ ಪಿಸ್ಟನ್ ಮೇಲಿನ ಹೊರೆ ಬಹಳ ಇಳಿಯುತ್ತದೆ ಎಂಬ ಮಾತಿದೆ. ಲೆಕ್ಕ ಮಾಡಿ ನೋಡಿ: 7,000 ಆರ್‌ಪಿಎಂನಲ್ಲಿ ಪಿಸ್ಟನ್ ತುದಿಗೆ ಬಂದಾಗ ಎರಡು ರಾಡ್‌ಗಳ ನಡುವೆ ವೇಗೋತ್ಕರ್ಷದಲ್ಲಿ ಬರುವ ವ್ಯತ್ಯಾಸ ಶೇಕಡಾ ಒಂದರಷ್ಟು ಮಾತ್ರ. ನಿಜವಾದ ಕಾರಣ ಜಾಗ. ಪಿಸ್ಟನ್ ಕೆಳಗಿನ ತುದಿಯಲ್ಲಿರುವಾಗ, ರಾಡನ್ನು ಪಿಸ್ಟನ್ನಿಗೆ ಸೇರಿಸುವ ಪಿನ್ ಕ್ರ್ಯಾಂಕಿನ ನಡುರೇಖೆಯಿಂದ ಮೂಲ 454ರಲ್ಲಿ 4.135 ಇಂಚು ಮೇಲಿರುತ್ತದೆ. 4.250 ಸ್ಟ್ರೋಕಿಗೆ ಗಿಡ್ಡ ರಾಡ್ ಹಾಕಿದರೆ ಅದು 4.010ಕ್ಕೆ ಇಳಿದು, ಪಿಸ್ಟನ್ನಿನ ಅಡಿಭಾಗ ಕ್ರ್ಯಾಂಕಿನ ಕೌಂಟರ್‌ವೇಟ್‌ಗೆ ಅಪಾಯಕರವಾಗಿ ಹತ್ತಿರವಾಗುತ್ತದೆ. ಉದ್ದ ರಾಡ್ ಹಾಕಿದರೆ 4.260ರಲ್ಲಿ ನಿಲ್ಲುತ್ತದೆ. ಜೊತೆಗೆ ಪಿಸ್ಟನ್ನಿನ ಕಂಪ್ರೆಷನ್ ಎತ್ತರ (ಪಿನ್ ನಡುವಿನಿಂದ ಪಿಸ್ಟನ್ ತಲೆಯವರೆಗಿನ ಅಳತೆ) 1.520ರಿಂದ 1.270 ಇಂಚಿಗೆ ಇಳಿಯುವುದರಿಂದ ಪಿಸ್ಟನ್ ಹಗುರವಾಗುತ್ತದೆ. ಇನ್ನೂ ಉದ್ದದ 6.535 ರಾಡ್‌ಗೆ ಹೋಗಬೇಡಿ. 9.800 ಇಂಚಿನ ಡೆಕ್‌ನಲ್ಲಿ ಅದಕ್ಕೆ 1.120 ಎತ್ತರದ ಪಿಸ್ಟನ್ ಬೇಕಾಗಿ, ಪಿನ್ ರಂಧ್ರ ಆಯಿಲ್ ರಿಂಗಿನ ತೋಡಿಗೆ ನುಗ್ಗತೊಡಗುತ್ತದೆ.

ಮೇಲಿನ ಅಳತೆಗಳನ್ನು ಕೂಡಿದರೆ, ಅಂದರೆ ಅರ್ಧ ಸ್ಟ್ರೋಕ್ 2.125, ರಾಡ್ 6.385, ಪಿಸ್ಟನ್ 1.270, ಒಟ್ಟು 9.780 ಬರುತ್ತದೆ. ಪಿಸ್ಟನ್ ಡೆಕ್‌ಗಿಂತ 20 ಥೌ ಕೆಳಗೆ ನಿಂತಿರುತ್ತದೆ. ಅದರ ಮೇಲೆ 39 ಥೌ ಗ್ಯಾಸ್ಕೆಟ್ ಸೇರಿದರೆ ಪಿಸ್ಟನ್ನಿಗೂ ಹೆಡ್‌ಗೂ ನಡುವೆ 59 ಥೌ ಅಂತರವಾಗುತ್ತದೆ, ಅದು ಹೆಚ್ಚಾಯಿತು. ಡೆಕ್ಕನ್ನು 20 ಥೌ ಕೆರೆಸಿ 39ಕ್ಕೆ ತನ್ನಿ. ಸ್ಟೀಲ್ ರಾಡ್‌ಗೆ ಅದು ಸರಿಯಾದ ಅಂತರ, ಡಿಟೊನೇಷನ್ (ಇಂಧನ ಅಂಕೆ ಮೀರಿ ಸಿಡಿಯುವುದು) ಕಾಟವೂ ತಗ್ಗುತ್ತದೆ.

ಈಗ ಕೈಕೆಲಸ. ಬ್ಲಾಕ್ ತೊಳೆಯುವ ಮೊದಲೇ ಒಂದು ಸಲ ಒಣ ಜೋಡಣೆ ಮಾಡಿ. ಕ್ರ್ಯಾಂಕ್ ಕೂರಿಸಿ, ಪ್ರತಿ ಸಿಲಿಂಡರಿನಲ್ಲೂ ಪಿಸ್ಟನ್ ಮತ್ತು ರಾಡ್ ಸೇರಿಸಿ, ಕೈಯಿಂದ ನಿಧಾನವಾಗಿ ತಿರುಗಿಸುತ್ತ ರಾಡ್ ಬೋಲ್ಟಿನ ತಲೆ ಸಿಲಿಂಡರಿನ ಕೆಳತುದಿಗೂ ಆಯಿಲ್ ಪ್ಯಾನ್ ಕೂರುವ ಅಂಚಿಗೂ ಎಷ್ಟು ಹತ್ತಿರ ಹಾದುಹೋಗುತ್ತದೆ ಎಂದು ನೋಡಿ. ಮಾರ್ಕ್ 4 ಬ್ಲಾಕ್‌ನಲ್ಲಿ ಈ ಸ್ಟ್ರೋಕಿಗೆ ಅಂಚಿನಲ್ಲಿ ಸ್ವಲ್ಪ ಗ್ರೈಂಡ್ ಮಾಡಬೇಕಾಗಿ ಬರುವುದು ಸಾಮಾನ್ಯ. 60 ಥೌ ದಪ್ಪದ ತಂತಿಯೊಂದು ಎಲ್ಲೆಡೆಯೂ ತಡೆಯಿಲ್ಲದೆ ತೂರುವಷ್ಟು ಅಂತರ ಸಿಕ್ಕ ಮೇಲೆ ಗ್ರೈಂಡರ್ ಕೆಳಗಿಡಿ. ಅದಕ್ಕಿಂತ ಹೆಚ್ಚು ಕೆರೆದರೆ ವಾಟರ್ ಜಾಕೆಟ್ ದೂರವಿಲ್ಲ. ರಾಡ್‌ನ ಹೆಗಲು ಕ್ಯಾಮ್ ಲೋಬ್‌ಗೆ ತಾಗುವುದನ್ನೂ ಇದೇ ಸಮಯದಲ್ಲಿ, ಓಟಕ್ಕೆ ಬಳಸುವ ಅದೇ ಕ್ಯಾಮ್ ಹಾಕಿ, ನೋಡಿಕೊಳ್ಳಿ. ಬೇರೆ ಕ್ಯಾಮ್ ಹಾಕಿ ನೋಡಿದ್ದು ಲೆಕ್ಕಕ್ಕಿಲ್ಲ.

ಕೊನೆಯದಾಗಿ, 454 ಕಾರ್ಖಾನೆಯಿಂದ ಹೊರಗಿನ ಬ್ಯಾಲೆನ್ಸ್‌ನೊಂದಿಗೆ ಬಂದ ಇಂಜಿನ್. ಅದರ ಡ್ಯಾಂಪರ್ ಮತ್ತು ಫ್ಲೆಕ್ಸ್‌ಪ್ಲೇಟ್‌ಗಳಲ್ಲಿ (ಕ್ರ್ಯಾಂಕಿನ ಮುಂದಿನ ಮತ್ತು ಹಿಂದಿನ ತುದಿಯ ಚಕ್ರಗಳು) ಹೆಚ್ಚುವರಿ ತೂಕವಿದೆ. ನೀವು ಕೊಳ್ಳುವ ಕ್ರ್ಯಾಂಕ್ ಒಳಗಿನ ಬ್ಯಾಲೆನ್ಸ್‌ನದಾದರೆ ಆ ಎರಡನ್ನೂ ಎತ್ತಿಡಿ. ಕ್ರ್ಯಾಂಕ್ ತರಿಸುವಾಗ ಎರಡು ತುಂಡಿನ ಹಿಂಬದಿ ಸೀಲ್‌ನದೇ ಕೇಳಿ, ಏಕೆಂದರೆ ನಿಮ್ಮ ಮಾರ್ಕ್ 4ಕ್ಕೆ ಒಪ್ಪುವುದು ಅದೇ; 1991ರಿಂದ ಬಂದ ಜೆನ್ 5 ಬ್ಲಾಕ್‌ಗಳ ಸೀಲ್ ಒಂದೇ ತುಂಡಿನದು.

ದೊಡ್ಡಬೋರ್:

ಇಬ್ಬರ ಮಾತೂ ಸರಿಯಾಗಿದೆ, ಆದರೂ ತೀರ್ಮಾನವನ್ನು ನಾನು ಒಪ್ಪುವುದಿಲ್ಲ.

ಇಲ್ಲಿ 496 ಮತ್ತು 540 ಎರಡರಲ್ಲೂ ಇರುವುದು ಒಂದೇ ಕ್ರ್ಯಾಂಕ್. 6,800 ಆರ್‌ಪಿಎಂನಲ್ಲಿ ಎರಡರ ಪಿಸ್ಟನ್ನಿನ ಸರಾಸರಿ ವೇಗವೂ ಸೆಕೆಂಡಿಗೆ 24.5 ಮೀಟರ್. ಬೋರ್‌ನಿಂದ ಬಂದ 44 ಘನ ಇಂಚಿಗೆ ಪಿಸ್ಟನ್ ವೇಗದಲ್ಲಿ ಏನೂ ತೆರಬೇಕಾಗಿಲ್ಲ, ಸ್ಟ್ರೋಕ್‌ನಿಂದ ಪಡೆಯುವ ಪ್ರತಿ ಘನ ಇಂಚಿಗೂ ತೆರಬೇಕು. ದೊಡ್ಡ ಬೋರ್ ಮಾಡುವ ಇನ್ನೊಂದು ಉಪಕಾರವೆಂದರೆ ವಾಲ್ವ್ ಸುತ್ತ ಗೋಡೆ ದೂರ ಸರಿಯುತ್ತದೆ, 2.250 ಇಂಚಿನ ಇನ್‌ಟೇಕ್ ವಾಲ್ವ್ 4.310 ಬೋರ್‌ನಲ್ಲಿ ಉಸಿರಾಡುವುದಕ್ಕೂ 4.500ರಲ್ಲಿ ಉಸಿರಾಡುವುದಕ್ಕೂ ವ್ಯತ್ಯಾಸವಿದೆ. ಅಮೆರಿಕದ ಡ್ರ್ಯಾಗ್ ಓಟದ ಸಂಸ್ಥೆ ಎನ್‌ಎಚ್‌ಆರ್‌ಎಯ ಪ್ರೊ ಸ್ಟಾಕ್ ವರ್ಗವನ್ನು ನೋಡಿ. 1982ರಿಂದ ಅಲ್ಲಿ 500 ಘನ ಇಂಚಿನ ಮಿತಿಯಿದೆ, 2016ರಿಂದ 10,500 ಆರ್‌ಪಿಎಂ ಮಿತಿಯೂ ಇದೆ. ಗಾತ್ರಕ್ಕೆ ಬೇಲಿ ಹಾಕಿದಾಗ ಅಲ್ಲಿನವರು ಹೋದದ್ದು ದೊಡ್ಡ ಬೋರ್, ಗಿಡ್ಡ ಸ್ಟ್ರೋಕ್ ಕಡೆಗೆ. ಬೋರ್ 4.700 ಇದ್ದರೆ 500 ಘನ ಇಂಚಿಗೆ 3.600 ಸ್ಟ್ರೋಕ್ ಸಾಕು.

ಅಲ್ಲದೆ, ನೈಟ್ರಸ್ ಬೇಡ ಎಂದು ಈಗ ಬರೆಯುವವರು 9.80 ಓಡಿದ ಮುಂದಿನ ಋತುವಿನಲ್ಲಿ ಬಾಟಲಿ ಹುಡುಕುವುದನ್ನು ಈ ಕ್ರೀಡೆಯಲ್ಲಿ ಯಾರು ನೋಡಿಲ್ಲ? ಆಗ 60 ಥೌ ಬೋರ್ ಆದ ಹಳೆಯ ಬ್ಲಾಕ್ ಕೈಕೊಡುತ್ತದೆ. ಡಾರ್ಟ್ ಬಿಗ್ ಎಂ ತರಹದ ಬ್ಲಾಕ್‌ನಲ್ಲಿ ಗೋಡೆ ದಪ್ಪ, ಮೇನ್ ಕ್ಯಾಪ್ ಸ್ಟೀಲಿನವು, ಆಯಿಲ್ ಮೊದಲು ಮೇನ್ ಬೇರಿಂಗ್‌ಗಳಿಗೇ ಹೋಗುವ ವ್ಯವಸ್ಥೆ ಇದೆ. ಬ್ಲಾಕ್ ಈಗ ಕೊಳ್ಳಿ, ಹೆಡ್‌ಗಳನ್ನು ಮುಂದಿನ ವರ್ಷ ಕೊಳ್ಳಿ.

ಗಾಳಿಲೆಕ್ಕ:

ದೊಡ್ಡಬೋರ್ ಅವರೇ, ಪ್ರೊ ಸ್ಟಾಕ್‌ನ ಉದಾಹರಣೆ ನಿಮ್ಮ ವಾದಕ್ಕಿಂತ ನನ್ನ ವಾದಕ್ಕೆ ಹೆಚ್ಚು ಒದಗುತ್ತದೆ. ಆ ದೊಡ್ಡ ಬೋರ್ ಇರುವುದೇ ದೊಡ್ಡ ವಾಲ್ವ್‌ಗಳಿರುವ, ಬಹಳ ಹರಿಯುವ ಹೆಡ್ ಕೂರಿಸುವುದಕ್ಕಾಗಿ. 265 ಸಿಎಫ್‌ಎಂನ ಓವಲ್ ಪೋರ್ಟ್ ಹೆಡ್ಡನ್ನು 540ರ ಮೇಲೆ ಇಟ್ಟರೆ ಗರಿಷ್ಠ ಶಕ್ತಿ 5,500ರ ಹತ್ತಿರ ಬಂದು ನಿಂತುಬಿಡುತ್ತದೆ. ಕಾಲುಮೈಲಿಯವರು ಒಂದು ವರ್ಷವಿಡೀ 10.7 ಸೆಕೆಂಡಿನ ಕಾರು ಓಡಿಸಬೇಕಾಗುತ್ತದೆ. ಎರಡಕ್ಕೂ ಹಣವಿದ್ದರೆ ನಾನೂ 540 ಎನ್ನುತ್ತಿದ್ದೆ. ಷೆವರ್ಲೆ ಕಂಪನಿಯೇ 2021ರಲ್ಲಿ ತಂದ ಜೆಡ್‌ಜೆಡ್ 632 ಇಂಜಿನ್ 4.600 ಬೋರ್, 4.750 ಸ್ಟ್ರೋಕ್‌ನಲ್ಲಿ ಟರ್ಬೊ ಇಲ್ಲದೆ 6,600 ಆರ್‌ಪಿಎಂಗೆ 1,004 ಅಶ್ವಶಕ್ತಿ ಕೊಡುತ್ತದೆ. ಸ್ಟ್ರೋಕ್ ಅಷ್ಟಿದ್ದೂ ಅದು ಸಾಧ್ಯವಾದದ್ದು ಆ ಗಾತ್ರಕ್ಕೆ ತಕ್ಕ ಹೆಡ್ ಇರುವುದರಿಂದ.

ಕಾಲುಮೈಲಿ:

ಎಲ್ಲರಿಗೂ ಧನ್ಯವಾದಗಳು. ಮೇನ್ ಕ್ಯಾಪ್‌ಗಳನ್ನು ಬಿಚ್ಚಿ ನೋಡಿದೆ, ಐದೂ ಮುಖಗಳು ನುಣುಪಾಗಿವೆ. ಸೋನಿಕ್ ಪರೀಕ್ಷೆಯಲ್ಲಿ ಅತಿ ತೆಳುವಾದ ಜಾಗ ಏಳನೆಯ ಸಿಲಿಂಡರಿನಲ್ಲಿ 245 ಥೌ ಬಂದಿದೆ, ಅದೂ ಒತ್ತುವ ಬದಿಯಲ್ಲಲ್ಲ. ಒತ್ತುವ ಬದಿಯಲ್ಲಿ ಎಲ್ಲವೂ 265ಕ್ಕಿಂತ ಮೇಲಿವೆ. 60 ಥೌ ಬೋರ್ ಮಾಡಿದರೆ ಗೋಡೆಯಿಂದ ಹೋಗುವುದು ಅದರ ಅರ್ಧ, ಅಂದರೆ 30 ಥೌ ತಾನೇ? ಹಾಗಿದ್ದರೆ 496 ಮತ್ತು ಹೊಸ ಹೆಡ್‌ಗಳ ದಾರಿಯನ್ನೇ ಹಿಡಿಯುತ್ತೇನೆ. ಉಳಿದಿರುವ ಪ್ರಶ್ನೆಗಳು ರಿಂಗ್ ಗ್ಯಾಪ್ ಮತ್ತು ಬೇರಿಂಗ್ ಕ್ಲಿಯರೆನ್ಸ್. ಈಗಿರುವ 5,000 ಸ್ಟಾಲ್‌ನ (ಕಾರು ನಿಂತಿರುವಾಗ ಇಂಜಿನ್ ಏರಬಲ್ಲ ಆರ್‌ಪಿಎಂ) ಟಾರ್ಕ್ ಕನ್ವರ್ಟರನ್ನೇ ಇಟ್ಟುಕೊಳ್ಳಬಹುದೇ ಎಂಬುದನ್ನೂ ತಿಳಿಸಿ.

ಡಯಲ್‌ಗೇಜ್:

ಹೌದು, ಗೋಡೆಯಿಂದ 30 ಥೌ ಮಾತ್ರ. ನಿಮ್ಮ ಬ್ಲಾಕ್ ಈ ಕೆಲಸಕ್ಕೆ ಯೋಗ್ಯವಾಗಿದೆ, ಆದರೆ 700 ಅಶ್ವಶಕ್ತಿಯ ಆಸುಪಾಸನ್ನೇ ಇದರ ಗಡಿ ಎಂದು ಇಟ್ಟುಕೊಳ್ಳಿ. ಬಾಟಲಿಯ ವಿಷಯದಲ್ಲಿ ದೊಡ್ಡಬೋರ್ ಅವರ ಎಚ್ಚರಿಕೆ ನಿಜ.

ಬೇರಿಂಗ್‌ಗೆ ಜರ್ನಲ್ಲಿನ (ಬೇರಿಂಗಿನೊಳಗೆ ತಿರುಗುವ ಕ್ರ್ಯಾಂಕಿನ ಭಾಗ) ಪ್ರತಿ ಇಂಚು ವ್ಯಾಸಕ್ಕೆ ಒಂದು ಥೌ ಎಂಬುದು ಆರಂಭದ ಅಳತೆ. 2.750 ಇಂಚಿನ ಮೇನ್‌ಗೆ 2.7ರಿಂದ 3 ಥೌ, 2.200 ಇಂಚಿನ ರಾಡ್ ಜರ್ನಲ್‌ಗೆ 2.3ರಿಂದ 2.5 ಥೌ ಇಡಿ. ಇದನ್ನು ಮೈಕ್ರೋಮೀಟರ್ ಮತ್ತು ಬೋರ್ ಗೇಜ್‌ನಿಂದಲೇ ಅಳೆಯಬೇಕು, ಪ್ಲಾಸ್ಟಿಕ್ ಗೇಜಿನ ಪಟ್ಟಿ ಸಾಲದು. ಮೇಲಿನ ರಿಂಗಿನ ಗ್ಯಾಪ್ ಬೋರ್‌ನ ಪ್ರತಿ ಇಂಚಿಗೆ 4.5 ಥೌ, ಅಂದರೆ ನಿಮಗೆ 19ರಿಂದ 20 ಥೌ. ಎರಡನೆಯ ರಿಂಗಿಗೆ ಒಂದೆರಡು ಥೌ ಹೆಚ್ಚಿರಲಿ. ರಾಡ್ ಬೋಲ್ಟನ್ನು ಟಾರ್ಕ್ ರೆಂಚಿನ ಸಂಖ್ಯೆಗೆ ಬಿಡದೆ, ಸ್ಟ್ರೆಚ್ ಗೇಜ್ ಹಿಡಿದು ತಯಾರಕರು ಕೊಟ್ಟಷ್ಟು ಹಿಗ್ಗಿಸಿ ಬಿಗಿಯಿರಿ. ಪಿಸ್ಟನ್, ಪಿನ್, ರಿಂಗ್ ಸೇರಿ 750 ಗ್ರಾಂ ಎಂದುಕೊಂಡರೂ 7,000 ಆರ್‌ಪಿಎಂನಲ್ಲಿ ಅದು ರಾಡನ್ನು ಎಳೆಯುವ ಬಲ ಮೂರು ಟನ್‌ಗೆ ಸಮೀಪವಿರುತ್ತದೆ, ಎಕ್ಸಾಸ್ಟ್ ಸ್ಟ್ರೋಕಿನ ಕೊನೆಯಲ್ಲಿ ಅದನ್ನು ತಡೆದು ಹಿಡಿಯುವುದು ಆ ಎರಡು ಬೋಲ್ಟುಗಳೇ. ಆರ್‌ಪಿಎಂ ಮಿತಿಯನ್ನು 7,000ಕ್ಕೆ ಕಟ್ಟಿಹಾಕಿ, ಗೇರನ್ನು 6,700ರಲ್ಲಿ ಬದಲಿಸಿ.

ಸ್ಟೇಜಿಂಗ್‌ಲೇನ್:

ಕನ್ವರ್ಟರ್ ಬಗ್ಗೆ ಮಾತ್ರ ಹೇಳುತ್ತೇನೆ. ಅದರ ಮೇಲೆ ಬರೆದ 5,000 ಎಂಬುದು ಸ್ಥಿರ ಸಂಖ್ಯೆಯಲ್ಲ. ಟಾರ್ಕಿನ ವರ್ಗಮೂಲಕ್ಕೆ ತಕ್ಕಂತೆ ಅದು ಏರುತ್ತದೆ. ಟಾರ್ಕ್ ಶೇಕಡಾ 10 ಹೆಚ್ಚಿದರೆ ಅದೇ ಕನ್ವರ್ಟರ್ 5,240ರವರೆಗೆ ಹೋಗುತ್ತದೆ. ಟರ್ಬೊ 400ರ ಗೇರ್‌ಗಳು 2.48, 1.48, 1.00. 6,700ರಲ್ಲಿ ಎರಡರಿಂದ ಮೂರಕ್ಕೆ ಹಾಕಿದಾಗ ಗೇರ್ ಲೆಕ್ಕದ ಪ್ರಕಾರ ಇಂಜಿನ್ 4,530ಕ್ಕೆ ಬೀಳಬೇಕು, ಆದರೆ ಕನ್ವರ್ಟರ್ ಅದನ್ನು ಐದು ಸಾವಿರದ ಮೇಲೆಯೇ ಹಿಡಿದಿಡುತ್ತದೆ. ಹೊಸ ಇಂಜಿನ್‌ನ ಗರಿಷ್ಠ ಟಾರ್ಕ್ ಅಲ್ಲೇ ಆಸುಪಾಸಿನಲ್ಲಿ ಬರುವಂತೆ ಕ್ಯಾಮ್ ಆರಿಸಿದರೆ ಸದ್ಯಕ್ಕೆ ಇದೇ ಸಾಕು; ಡೈನೊ ಹಾಳೆ ಸಿಕ್ಕ ಮೇಲೆ ತಯಾರಕರಿಗೆ ತೋರಿಸಿ ತಿದ್ದಿಸಿಕೊಳ್ಳಬಹುದು. 4.10 ಆಕ್ಸಲ್ ಬದಲಿಸುವ ಅಗತ್ಯವಿಲ್ಲ, ಏಕೆಂದರೆ 138 ಮೈಲಿ ವೇಗದಲ್ಲಿ ಶೇಕಡಾ 5 ಜಾರುವಿಕೆ ಸೇರಿಸಿದರೂ 30 ಇಂಚಿನ ಟೈರ್‌ನೊಂದಿಗೆ ಗೆರೆ ದಾಟುವಾಗ ಇಂಜಿನ್ 6,670ರಲ್ಲಿರುತ್ತದೆ.

ಇನ್ನೊಂದು ಖರ್ಚನ್ನು ಯಾರೂ ಹೇಳಿಲ್ಲ. ಎನ್‌ಎಚ್‌ಆರ್‌ಎ ನಿಯಮ ಅನುಸರಿಸುವ ಟ್ರ್ಯಾಕ್‌ನಲ್ಲಿ ನಿಮ್ಮಂಥ ಹಳೆಯ ಕಾರು 9.99 ಅಥವಾ ಅದಕ್ಕಿಂತ ಬೇಗ ಓಡಿದರೆ ರೋಲ್ ಬಾರ್ ಸಾಲದು, ಪೂರ್ತಿ ರೋಲ್ ಕೇಜ್ ಬೇಕು, ಚಾಲಕನಿಗೆ ಸ್ಪರ್ಧಾ ಪರವಾನಗಿಯೂ ಬೇಕು. ಡ್ಯಾಂಪರ್ ಎಸ್‌ಎಫ್‌ಐ (ರೇಸ್ ಭಾಗಗಳ ಸುರಕ್ಷತಾ ಮಾನದಂಡ) 18.1, ಫ್ಲೆಕ್ಸ್‌ಪ್ಲೇಟ್ ಎಸ್‌ಎಫ್‌ಐ 29.1 ಗುರುತಿನವೇ ಆಗಿರಬೇಕು. ಹೇಗೂ ಆ ಎರಡನ್ನೂ ಬದಲಿಸಲಿದ್ದೀರಿ, ತರಿಸುವಾಗಲೇ ಆ ಗುರುತಿನ ಚೀಟಿ ಇರುವುದನ್ನು ನೋಡಿ ತೆಗೆದುಕೊಳ್ಳಿ.